ವಾರ್ಡ್‌ರೋಬ್ ಫ್ಯಾಮಿಲಿ, ಮೂರನೇ ವಾರ: ಡ್ರಾಯರ್ ಕೊನೆಗೂ ನಿಂತಿತು

ಈ ವಾರ ಪೂರ್ತಿ ಡ್ರಾಯರಿಗೇ ಹೋಯಿತು. ಆದರೆ ಈಗ ಅಗಲ ಎಷ್ಟು ಕೊಟ್ಟರೂ ಅದು ಜಾಗ ಬಿಟ್ಟು ಕದಲುತ್ತಿಲ್ಲ. ತುಂಬಾ ಖುಷಿಯಾಗಿದೆ.

ರೆವಿಟ್ ಅನ್ನುವ ಕಟ್ಟಡ ವಿನ್ಯಾಸದ ಸಾಫ್ಟ್‌ವೇರ್‌ನಲ್ಲಿ ಮಾಡುತ್ತಿರುವ ವಾರ್ಡ್‌ರೋಬ್ ಮಾಡೆಲ್ ಇದು. ಅಳತೆ ಬದಲಿಸಿ ಮತ್ತೆ ಮತ್ತೆ ಬಳಸುವ ಇಂಥ ಮಾಡೆಲಿಗೆ ಅಲ್ಲಿ ‘ಫ್ಯಾಮಿಲಿ’ ಅಂತಾರೆ. ಬಾಕ್ಸಿಗೆ 18 ಮಿ.ಮೀ. ಪ್ಲೈವುಡ್, ನಡುವೆ ಅಷ್ಟೇ ದಪ್ಪದ ಪಾರ್ಟಿಷನ್, ಎಡಕ್ಕೊಂದು ಬಲಕ್ಕೊಂದು ಡ್ರಾಯರ್. ಡ್ರಾಯರನ್ನು ಬೇರೆ ಫ್ಯಾಮಿಲಿಯಾಗಿ ಮಾಡಿ ಇದರೊಳಗೆ ತಂದು ಕೂರಿಸಿದ್ದೆ.

ಅಗಲ 900 ಇದ್ದಾಗ ಎಲ್ಲ ಸರಿಯಿತ್ತು. ಮೂರು ಪ್ಲೈವುಡ್ ದಪ್ಪ 54 ಕಳೆದು ಅರ್ಧ ಮಾಡಿದರೆ ಒಂದೊಂದು ಖಾನೆ 423. ಡ್ರಾಯರ್ ಜಾರುವ ಚಾನೆಲ್‌ಗೆ ಬದಿಗೆ 13ರಂತೆ 26 ಬಿಟ್ಟರೆ ಡ್ರಾಯರ್ 397. ಅಗಲ 1200 ಮಾಡಿದೆ. ‘ಕನ್‌ಸ್ಟ್ರೇಂಟ್ಸ್ ಆರ್ ನಾಟ್ ಸ್ಯಾಟಿಸ್ಫೈಡ್’ ಅಂತ ಬಂತು, ಅಂದರೆ ಹಾಕಿದ ಕಟ್ಟುಪಾಡುಗಳು ಒಂದಕ್ಕೊಂದು ಹೊಂದುತ್ತಿಲ್ಲ. ಅಲ್ಲೇ ಇದ್ದ ‘ರಿಮೂವ್ ಕನ್‌ಸ್ಟ್ರೇಂಟ್ಸ್’ ಒತ್ತಿಬಿಟ್ಟೆ. ಪಾರ್ಟಿಷನ್ ಹೊಸ ನಡುವಿಗೆ ಸರಿಯಿತು. ಬಲಗಡೆ ಡ್ರಾಯರ್ ಹಳೇ ಜಾಗದಲ್ಲೇ ಉಳಿದು, ಪಾರ್ಟಿಷನ್ ಹೊಟ್ಟೆಯೊಳಗಿಂದ ಎರಡೂ ಕಡೆ ಹೊರಬಂದಿತ್ತು. ಆ ಬಟನ್ ಒತ್ತಬೇಡಿ. ಕ್ಯಾನ್ಸಲ್ ಮಾಡಿ, ಯಾವ ಲಾಕ್ (ಒಂದನ್ನು ಇನ್ನೊಂದಕ್ಕೆ ಕಟ್ಟುವ ಗಂಟು) ಜಗಳ ಮಾಡುತ್ತಿದೆ ಅಂತ ಹುಡುಕಿ.

ಜಗಳ ಇದ್ದದ್ದು ಇಲ್ಲಿ. ಡ್ರಾಯರಿನ ಎರಡೂ ಬದಿಯನ್ನು ಖಾನೆಯ ಜೊತೆಗೇ ಸರಿಯುವಂತೆ ಅಲೈನ್ ಮಾಡಿ (ಗೆರೆಗೆ ಗೆರೆ ಕೂಡಿಸಿ) ಲಾಕ್ ಹಾಕಿದ್ದೆ. ಡ್ರಾಯರ್ ಒಳಗೆ ಅಗಲ 397 ಅಂತ ಗಟ್ಟಿಯಾಗಿ ಕೂತಿತ್ತು. ಲಾಕ್ 547 ಆಗು ಅನ್ನುತ್ತಿದೆ, ಆ 397 ಬರೆದಿಟ್ಟಿದ್ದ ಟೈಪ್ ಪ್ಯಾರಾಮೀಟರ್ ಆಗಲ್ಲ ಅನ್ನುತ್ತಿದೆ. ಒಂದೇ ಅಳತೆಗೆ ಇಬ್ಬರು ಯಜಮಾನರು!

ಲಾಕ್ ಎಲ್ಲ ಬಿಚ್ಚಿ ಮತ್ತೆ ಶುರು ಮಾಡಿದೆ. ಪ್ರತಿ ಖಾನೆಯ ನಡುವೆ ಒಂದು ರೆಫರೆನ್ಸ್ ಪ್ಲೇನ್ (ಅಳತೆಗೆ ಆಧಾರವಾಗುವ ಗೆರೆ) ಎಳೆದು, ಎರಡೂ ಕಡೆ ಸಮ ಇರುವಂತೆ ಈಕ್ಯೂ ಹಾಕಿದೆ. ಡ್ರಾಯರಿನ ನಡುಗೆರೆಯನ್ನು ಅದಕ್ಕೆ ಲಾಕ್ ಮಾಡಿದೆ. ಅಡ್ಡಡ್ಡಕ್ಕೆ ಅದೊಂದೇ ಲಾಕ್. ಅಗಲವನ್ನು ಖಾನೆಯ ಅಗಲದಿಂದ 26 ಕಳೆಯುವ ಫಾರ್ಮುಲಾಕ್ಕೆ ಜೋಡಿಸಿದೆ. ಡ್ರಾಯರ್ ಒಳಗೂ ಎರಡು ಬದಿ ನಡುಗೆರೆಯಿಂದ ಈಕ್ಯೂ, ಹಾಗಾಗಿ ಎರಡೂ ಕಡೆ ಸಮನಾಗಿ ಬೆಳೆಯುತ್ತದೆ. 1200ಕ್ಕೆ 547 ಬಂತು. 600ಕ್ಕೆ ಇಳಿಸಿದರೆ 247. ಎರಡೂ ಸರಿ.

ನಡುವೆ ಒಂದು ಸಂಜೆ ಸುಮ್ನೆ ಹಾಳಾಯಿತು. ಅಲೈನ್ ಮಾಡಲು ಹೋದರೆ ಡ್ರಾಯರಿನ ನಡುಗೆರೆ ಸಿಕ್ಕುತ್ತಲೇ ಇರಲಿಲ್ಲ. ಒಳಗೆ ಹೋಗಿ ನೋಡಿದರೆ ಆ ಪ್ಲೇನ್ ‘ನಾಟ್ ಎ ರೆಫರೆನ್ಸ್’ ಆಗಿತ್ತು, ಅಂದರೆ ಹೊರಗಿನಿಂದ ಹಿಡಿಯಲು ಬಾರದ್ದು. ‘ಸ್ಟ್ರಾಂಗ್’ ಮಾಡಿದ ಮೇಲೆ ಸಿಕ್ಕಿತು.

ಆಳದ ಫಾರ್ಮುಲಾ ನನಗೆ ತುಂಬಾ ಇಷ್ಟವಾಯಿತು. ಅಂಗಡಿಯಲ್ಲಿ ಚಾನೆಲ್ 450, 500 ಹೀಗೆ 50ರ ಲೆಕ್ಕದಲ್ಲಿ ಸಿಗುತ್ತದೆ ಅಲ್ವಾ? ಆಳದಲ್ಲಿ 60 ಕಳೆದು, 50ರಿಂದ ಭಾಗಿಸಿ, ರೌಂಡ್‌ಡೌನ್ ಮಾಡಿ (ದಶಾಂಶ ಬಿಟ್ಟು), ಮತ್ತೆ 50ರಿಂದ ಗುಣಿಸಿದೆ. ಆಳ 600 ಆದರೆ 500ರ ಚಾನೆಲ್, 550 ಆದರೆ 450. ಫಾರ್ಮುಲಾದಲ್ಲಿ 50ರ ಪಕ್ಕ ಮಿ.ಮೀ. ಬರೆಯಲೇಬೇಕು, ಇಲ್ಲದಿದ್ದರೆ ಯೂನಿಟ್ ಹೊಂದುತ್ತಿಲ್ಲ ಅನ್ನುತ್ತದೆ. ಬಡಗಿ ಕೈಗೆ ಈ ಡ್ರಾಯಿಂಗ್ ಕೊಟ್ಟರೆ ಸಿಗದ ಚಾನೆಲ್ ಹುಡುಕಿಕೊಂಡು ಅವರು ಅಲೆಯಬಾರದು, ಅದೇ ನನ್ನ ಆಸೆ.

ಇನ್ನು ಶೆಲ್ಫ್ ಬಾಕಿ. ಒಂದನ್ನೇ ಸಾಲಾಗಿ ನಕಲು ಮಾಡುವ ಅರೇಯ ಸಂಖ್ಯೆಗೆ ಪ್ಯಾರಾಮೀಟರ್ ಕೊಟ್ಟಿದ್ದೇನೆ, ಆದರೆ ಒಂದೇ ಶೆಲ್ಫ್ ಬೇಕು ಅಂದಾಗ ತಕರಾರು ಮಾಡುತ್ತಿದೆ. ಅರೇ ಎರಡಕ್ಕಿಂತ ಕೆಳಗೆ ಹೋಗದಂತೆ ಒಂದು ‘ಇಫ್’ ಷರತ್ತು ಹಾಕಿ, ಒಂದೇ ಶೆಲ್ಫ್ ಬೇಕಾದಾಗ ಅರೇ ಅಡಗಿಸಿ, ಬೇರೆಯಾಗಿಟ್ಟ ಒಂಟಿ ಶೆಲ್ಫ್ ತೋರಿಸಬೇಕು. ಭಾನುವಾರ ಕೂರುತ್ತೇನೆ.