ಕ್ವೇಕ್ ಆಟಕ್ಕೆ ಅದರ ಸಂಗೀತ ಸಿಕ್ಕಿತು

1996ರಲ್ಲಿ ಬಂದ ಕ್ವೇಕ್ ಅನ್ನುವ ಗುಂಡು ಹಾರಿಸುವ ಕಂಪ್ಯೂಟರ್ ಆಟವನ್ನು ನಾನು ಎಷ್ಟೋ ವರ್ಷ ಸಂಗೀತವೇ ಇಲ್ಲದೆ ಆಡಿದ್ದೆ. ಗುಂಡಿನ ಸದ್ದು, ರಾಕ್ಷಸರ ಗುರುಗುಟ್ಟು, ಕಲ್ಲಿನ ಬಾಗಿಲು ಸರಿಯುವ ಸದ್ದು, ಅಷ್ಟೇ. ಆಟ ಇರೋದೇ ಹೀಗೆ ಅಂದುಕೊಂಡಿದ್ದೆ, ಯಾಕಂದ್ರೆ ನನ್ನ ಹತ್ತಿರ ಇದ್ದಿದ್ದು ಬರೀ ಕಾಪಿ ಮಾಡಿದ ಫೈಲುಗಳು.

ಆಟದ ಸಂಗೀತ ಆ ಫೈಲುಗಳ ಒಳಗೆ ಇಲ್ಲವೇ ಇಲ್ಲ. ಅಸಲಿ ಸಿಡಿಯಲ್ಲಿ ಮೊದಲ ಟ್ರ್ಯಾಕ್ ಮಾತ್ರ ಡೇಟಾ. 2ರಿಂದ 11ರವರೆಗೆ ಮಾಮೂಲಿ ಹಾಡಿನ ಸಿಡಿಯಲ್ಲಿ ಇರುವಂಥವೇ ಆಡಿಯೋ ಟ್ರ್ಯಾಕುಗಳು. ಒಂದೊಂದು ಲೆವೆಲ್‌ಗೂ ಒಂದು ನಂಬರ್ ಬರೆದಿರುತ್ತದೆ, ಆ ನಂಬರಿನ ಟ್ರ್ಯಾಕ್ ಹಾಕು ಅಂತ ಆಟ ಡ್ರೈವ್‌ಗೆ ಹೇಳುತ್ತದೆ, ಆಗಿನ ಕಂಪ್ಯೂಟರುಗಳಲ್ಲಿ ಡ್ರೈವೇ ಅದನ್ನು ನುಡಿಸಿ ಹಿಂಬದಿಯ ಸಣ್ಣ ವೈರಿನಲ್ಲಿ ಸೌಂಡ್ ಕಾರ್ಡಿಗೆ ಕಳಿಸುತ್ತಿತ್ತು. ಸಿಡಿಯನ್ನು ಐಎಸ್ಒ ಫೈಲ್ (ಡಿಸ್ಕಿನ ನಕಲು) ಮಾಡಿಟ್ಟರೂ ಡೇಟಾ ಮಾತ್ರ ಉಳಿಯುತ್ತದೆ, ಸಂಗೀತ ಹೋಗಿಬಿಡುತ್ತದೆ.

ಮೊನ್ನೆ ಗೆಳೆಯನೊಬ್ಬನ ಹತ್ತಿರ ಅಸಲಿ ಸಿಡಿಯೇ ಸಿಕ್ಕಿತು. ಈಗಿನ ಯುಎಸ್‌ಬಿ ಡ್ರೈವ್‌ಗೆ ಆ ವೈರ್ ಇಲ್ಲ ಅಲ್ವಾ, ಅದಕ್ಕೆ ಟ್ರ್ಯಾಕುಗಳನ್ನು ಓಗ್ ಅನ್ನುವ ಆಡಿಯೋ ಫೈಲುಗಳಾಗಿ ತೆಗೆದುಕೊಂಡೆ. ಆಡಲು ಕ್ವೇಕ್‌ಸ್ಪಾಸ್ಮ್, ಹಳೆಯ ಕ್ವೇಕನ್ನು ಈಗಿನ ಕಂಪ್ಯೂಟರಿನಲ್ಲಿ ಓಡಿಸುವ ಸಾಫ್ಟ್‌ವೇರ್. 1999ರಲ್ಲಿ ಆಟದ ಸೋರ್ಸ್ ಕೋಡ್ ಬಿಡುಗಡೆ ಮಾಡಿದ್ದರಿಂದಲೇ ಇಂಥವೆಲ್ಲ ಹುಟ್ಟಿದವು. ಆಟದ id1 ಫೋಲ್ಡರಿನಲ್ಲಿ ಮ್ಯೂಸಿಕ್ (music) ಅಂತ ಇನ್ನೊಂದು ಫೋಲ್ಡರ್ ಮಾಡಿ ಆ ಓಗ್ ಫೈಲುಗಳನ್ನು ಅದರಲ್ಲಿ ಹಾಕಬೇಕು. ಹೆಸರಿನಲ್ಲಿ ಮಾತ್ರ ಜಾಗ್ರತೆ. ಕೆಲವು ಸಾಫ್ಟ್‌ವೇರ್ ಆಡಿಯೋ ಟ್ರ್ಯಾಕನ್ನಷ್ಟೇ ಎಣಿಸಿ 01ರಿಂದ ಹೆಸರಿಡುತ್ತವೆ, ಆದರೆ ಆಟ ಕೇಳೋದು 02ರಿಂದ. ಒಂದು ನಂಬರ್ ಆಚೀಚೆ ಆದರೆ ಲೆವೆಲ್‌ಗಳಲ್ಲೆಲ್ಲ ಬೇರೆ ಯಾವುದೋ ಸಂಗೀತ!

ಶುರುವಾದಾಗ ನಿಜವಾಗಲೂ ಮೈ ಜುಮ್ಮೆಂದಿತು. ಈ ಸಂಗೀತ ಮಾಡಿದ್ದು ಟ್ರೆಂಟ್ ರೆಜ್ನರ್ ಮತ್ತು ಅವರ ರಾಕ್ ತಂಡ ನೈನ್ ಇಂಚ್ ನೇಯ್ಲ್ಸ್. ಅವರು ಅಂದ್ರೆ ಅಬ್ಬರದ ಗಿಟಾರ್ ಇರುತ್ತೆ ಅಂದುಕೊಳ್ಳುತ್ತೇವೆ. ಇಲ್ಲಿ ಜಾಸ್ತಿ ಇರೋದು ಗಾಳಿಯಂಥ ಗುಂಯ್‌ಗುಟ್ಟು, ಉಸಿರು, ಎಲ್ಲಿಂದಲೋ ಬರುವ ಪಿಸುಮಾತು. ನನಗೆ ಗೋಡೆ ಗೋಡೆಯೂ ನೆನಪಿರುವ ಜಾಗಗಳಲ್ಲೇ ಈಗ ಮೂಲೆ ತಿರುಗಲು ಹೆದರಿಕೆಯಾಯಿತು. ಮೊಳೆ ಹಾರಿಸುವ ಬಂದೂಕಿನ ಪೆಟ್ಟಿಗೆಗಳ ಮೇಲೆ ಆ ತಂಡದ ಗುರುತೂ ಇದೆ, ಎಷ್ಟು ಸಲ ನೋಡಿದ್ದೆ! ಇದು ಆಟಕ್ಕೆ ಹೊರಗಿನಿಂದ ಅಂಟಿಸಿದ ಹಿನ್ನೆಲೆ ಸಂಗೀತ ಅಲ್ಲವೇ ಅಲ್ಲ, ಅರ್ಧ ಆಟವೇ ಇದು.

2021ರಲ್ಲಿ ಬಂದ ಹೊಸ ಆವೃತ್ತಿಯಲ್ಲಿ ಸಂಗೀತ ಜೊತೆಗೇ ಇದೆ. ಸುಮ್ನೆ ಆಡಬೇಕು ಅನ್ನುವವರು ಅದನ್ನೇ ಕೊಳ್ಳಲಿ. ನಾನಂತೂ ಈಗ ಎರಡು ಮಿಷನ್ ಪ್ಯಾಕುಗಳ (ಆಟಕ್ಕೆ ಹೊಸ ಲೆವೆಲ್ ಸೇರಿಸುವ ಪ್ಯಾಕುಗಳ) ಹಳೆಯ ಸಿಡಿ ಹುಡುಕುತ್ತಿದ್ದೇನೆ, ಅವುಗಳಲ್ಲೂ ಅವುಗಳದ್ದೇ ಸಂಗೀತ ಇದೆ.