ಬಸ್ಕಿ ಹೊಡೆದರೆ ಸಾಲದಾ? ಮೀನಖಂಡಕ್ಕೆ ಬೇರೆ ವ್ಯಾಯಾಮ ಯಾಕೆ?

ದಾವಣಗೆರೆಯಲ್ಲಿ ಹುಡುಗರಿಗೆ ವೇಟ್ ಟ್ರೇನಿಂಗ್ ಹೇಳಿಕೊಡುವ ನನಗೆ ಮತ್ತೆ ಮತ್ತೆ ಎದುರಾಗುವ ಪ್ರಶ್ನೆ ಇದು. “ಸಾರ್, ಸ್ಕ್ವಾಟ್ ಹೊಡೀತೀನಿ, ಡೆಡ್‌ಲಿಫ್ಟ್ ಮಾಡ್ತೀನಿ. ಕಾಲಿಗೆ ಅಷ್ಟು ಸಾಕಲ್ವಾ? ಕಾಫ್ ರೈಸ್ ಬೇರೆ ಮಾಡ್ಬೇಕಾ?”

ಮಾಡಬೇಕು. ಸ್ಕ್ವಾಟ್ ಅಂದರೆ ಬಾರ್ ಹೊತ್ತು ಕೂತು ಏಳುವುದು, ಡೆಡ್‌ಲಿಫ್ಟ್ ಅಂದರೆ ನೆಲದ ಮೇಲಿನ ಬಾರ್ ಹಿಡಿದು ಎತ್ತಿ ನಿಲ್ಲುವುದು, ಕಾಫ್ ರೈಸ್ ಅಂದರೆ ಹಿಮ್ಮಡಿ ಎತ್ತಿ ಪಾದದ ಮುಂಭಾಗದ ಮೇಲೆ ಏಳುವ ಮೀನಖಂಡದ ವ್ಯಾಯಾಮ. ಈ ಕಾಫ್ ರೈಸ್‌ಗೆ ವಾರಕ್ಕೆ ಎರಡು ಸಲ, ಸಲಕ್ಕೆ ಹತ್ತು ನಿಮಿಷ ಕೊಟ್ಟರೆ ಸಾಕು. ಆದರೆ ಈಗ ಹೆಚ್ಚಿನವರು ಮಾಡುವ ರೀತಿಯಲ್ಲಿ ಅಲ್ಲ. ಹೆಚ್ಚಿನವರು ಅದನ್ನು ಕೊನೆಗೆ ಇಟ್ಟುಕೊಂಡು, ಫೋನ್ ನೋಡುತ್ತಾ ನಾಲ್ಕು ಸಲ ಕುಪ್ಪಳಿಸಿ ಮನೆಗೆ ಹೋಗುತ್ತಾರೆ. ಅಷ್ಟಕ್ಕೇ ಆದರೆ ಬಿಟ್ಟರೂ ನಷ್ಟವಿಲ್ಲ.

ಮೊದಲು ಸ್ಕ್ವಾಟ್ ಯಾಕೆ ಸಾಲದು ಅಂತ ನೋಡೋಣ. ಮೀನಖಂಡ ಅಂದರೆ ಒಂದೇ ಸ್ನಾಯು ಅಲ್ಲ. ಮೇಲೆ ಎರಡು ಗಡ್ಡೆಯಾಗಿ ಕಾಣುವುದು ಗ್ಯಾಸ್ಟ್ರೊಕ್ನೀಮಿಯಸ್. ಅದರ ಕೆಳಗೆ ಚಪ್ಪಟೆಯಾಗಿ ಅಡಗಿರುವುದು ಸೋಲಿಯಸ್. ಎರಡೂ ಕೆಳಗೆ ಅಕಿಲಿಸ್ ಟೆಂಡನ್ ಎನ್ನುವ ದಪ್ಪ ಹುರಿಯಲ್ಲಿ ಸೇರಿ ಹಿಮ್ಮಡಿ ಮೂಳೆಗೆ ಅಂಟಿಕೊಂಡಿವೆ. ವ್ಯತ್ಯಾಸ ಇರುವುದು ಮೇಲಿನ ತುದಿಯಲ್ಲಿ. ಗ್ಯಾಸ್ಟ್ರೊಕ್ನೀಮಿಯಸ್ ಮಂಡಿಯನ್ನು ದಾಟಿ ತೊಡೆಯ ಮೂಳೆಯಿಂದ ಶುರುವಾಗುತ್ತದೆ. ಸೋಲಿಯಸ್ ಮಂಡಿಯ ಕೆಳಗೇ ಶುರುವಾಗುತ್ತದೆ.

ಸ್ಕ್ವಾಟ್‌ನಲ್ಲಿ ಕೆಳಗೆ ಕೂರುವಾಗ ಮಂಡಿ ಮಡಚುತ್ತದೆ, ಮೇಲಿನ ಸ್ನಾಯು ಸಡಿಲವಾಗುತ್ತದೆ. ಅದೇ ಹೊತ್ತಿಗೆ ಮೊಣಕಾಲು ಮುಂದಕ್ಕೆ ಬಾಗಿ ಪಾದದ ಕೀಲಿನ ಕಡೆಯಿಂದ ಅದೇ ಸ್ನಾಯು ಎಳೆದುಕೊಳ್ಳುತ್ತದೆ. ಒಂದು ಕಡೆ ಬಿಟ್ಟಿದ್ದು ಇನ್ನೊಂದು ಕಡೆ ಎಳೆದಿದ್ದಕ್ಕೆ ಸಮ. ಹಾಗಾಗಿ ಸ್ನಾಯುವಿನ ಉದ್ದ ಹೆಚ್ಚುಕಮ್ಮಿ ಇದ್ದಷ್ಟೇ ಇರುತ್ತದೆ. ಬೆನ್ನ ಮೇಲೆ ನೂರು ಕೆಜಿ ಇದ್ದರೂ ಗ್ಯಾಸ್ಟ್ರೊಕ್ನೀಮಿಯಸ್ ಸುಮ್ನೆ ನಮ್ಮನ್ನು ಬೀಳದಂತೆ ಹಿಡಿದಿರುತ್ತದೆ. ಸೋಲಿಯಸ್‌ಗೆ ಸ್ವಲ್ಪ ಕೆಲಸ ಸಿಗುತ್ತದೆ, ಅದೂ ತೊಡೆಗೆ ಸಿಗುವಷ್ಟಲ್ಲ. ಡೆಡ್‌ಲಿಫ್ಟ್‌ನಲ್ಲಂತೂ ಪಾದದ ಕೀಲು ಅಲುಗುವುದೇ ಕಮ್ಮಿ.

ಹಳೇ ದಾವಣಗೆರೆಯ ಗರಡಿಮನೆಗಳಲ್ಲಿ ಸಾಮು ತೆಗೆದವರು ಇಲ್ಲಿ ಒಂದು ಮಾತು ಎತ್ತುತ್ತಾರೆ. “ನಾವು ಬರೀ ಬಸ್ಕಿ ಹೊಡೆದವರು ಕಣಪ್ಪಾ, ನಮ್ಮ ಕಾಲು ನೋಡು.” ಆ ಮಾತಿನಲ್ಲಿ ಹುರುಳಿದೆ. ಗರಡಿಯ ಬಸ್ಕಿಯಲ್ಲಿ ಕೆಳಗೆ ಕೂತಾಗ ಹಿಮ್ಮಡಿ ಮೇಲೇಳುತ್ತದೆ, ಭಾರ ಪಾದದ ಮುಂಭಾಗಕ್ಕೆ ಬರುತ್ತದೆ. ಮಟ್ಟಿಯ ಮಣ್ಣಿನಲ್ಲಿ ಕುಸ್ತಿ ಆಡುವಾಗ ಇಡೀ ಹೊತ್ತು ತುದಿಗಾಲಿನಲ್ಲೇ ತಳ್ಳಾಟ. ಅಂದರೆ ಅವರ ಮೀನಖಂಡಕ್ಕೆ ದಿನಾ ಕೆಲಸ ಇತ್ತು. ಬೂಟು ಹಾಕಿ, ಹಿಮ್ಮಡಿ ಊರಿ, ಬಾರ್ ಹೊತ್ತು ಮಾಡುವ ಸ್ಕ್ವಾಟ್‌ನಲ್ಲಿ ಅದು ಇಲ್ಲ. ಗರಡಿ ಹಿರಿಯರ ಕಾಲು ತೋರಿಸಿ ಜಿಮ್‌ನ ಸ್ಕ್ವಾಟ್ ಸಾಕು ಅನ್ನುವುದು ಸರಿಯಲ್ಲ ಅನ್ನುವುದಷ್ಟೇ ನನ್ನ ಮಾತು.

ಇನ್ನು ನಿಂತು ಮಾಡಬೇಕಾ, ಕೂತು ಮಾಡಬೇಕಾ? ಇದಕ್ಕೆ ಒಳ್ಳೆಯ ಉತ್ತರ ಸಿಕ್ಕಿದ್ದು ಇತ್ತೀಚೆಗೆ. 2023ರಲ್ಲಿ ಜಪಾನಿನ ಸಂಶೋಧಕರು ಒಂದು ಅಧ್ಯಯನ ಪ್ರಕಟಿಸಿದರು. ಅದರಲ್ಲಿ ಪಾಲ್ಗೊಂಡವರು ಒಂದು ಕಾಲಿಗೆ ನಿಂತು, ಇನ್ನೊಂದು ಕಾಲಿಗೆ ಕೂತು ಕಾಫ್ ರೈಸ್ ಮಾಡಿದರು. ವಾರಕ್ಕೆ 2 ದಿನದಂತೆ 12 ವಾರ. ನಿಂತು ಮಾಡಿದ ಕಾಲಿನಲ್ಲಿ ಗ್ಯಾಸ್ಟ್ರೊಕ್ನೀಮಿಯಸ್‌ನ ಹೊರಗಡ್ಡೆ ಶೇ. 12.4, ಒಳಗಡ್ಡೆ ಶೇ. 9.2 ಬೆಳೆಯಿತು. ಕೂತು ಮಾಡಿದ ಕಾಲಿನಲ್ಲಿ ಅವು ಬೆಳೆದಿದ್ದು ಶೇ. 1.7 ಮತ್ತು 0.6 ಮಾತ್ರ. ಸೋಲಿಯಸ್ ಎರಡೂ ಕಾಲಿನಲ್ಲಿ ಹತ್ತಿರ ಹತ್ತಿರ ಒಂದೇ ರೀತಿ, ಶೇ. 2ರಿಂದ 3ರಷ್ಟು ಬೆಳೆಯಿತು.

ಕಾರಣ ಮೇಲೆ ಹೇಳಿದ್ದೇ. ಕೂತಾಗ ಮಂಡಿ ಮಡಚಿರುತ್ತದೆ, ಮೇಲಿನ ಸ್ನಾಯು ಸಡಿಲವಾಗಿ ಬಲ ಹಾಕಲಾರದು. ನಿಂತಾಗ ಎರಡಕ್ಕೂ ಕೆಲಸ. ಹಾಗಾಗಿ ಒಂದೇ ವ್ಯಾಯಾಮಕ್ಕೆ ಸಮಯ ಇದೆ ಅನ್ನುವವರಿಗೆ ನಾನು ಹೇಳುವುದು ಒಂದೇ: ಮಂಡಿ ನೆಟ್ಟಗೆ ಇಟ್ಟು ನಿಂತು ಮಾಡಿ. ಲೆಗ್ ಪ್ರೆಸ್ ಮೆಷಿನ್‌ನಲ್ಲಿ ಕಾಲು ಚಾಚಿ ಮಾಡಿದರೂ ನಡೆಯುತ್ತದೆ. ನಮ್ಮ ಕಡೆ ಕೂತು ಮಾಡುವ ಮೆಷಿನ್ ಮೇಲೆ ಪ್ಲೇಟು ಪೇರಿಸುವುದೇ ಜಾಸ್ತಿ. ತೊಡೆ ಮೇಲೆ ಭಾರ ಹೇರಿಕೊಂಡು ಕೂತರೆ ದೊಡ್ಡ ಕೆಲಸ ಮಾಡಿದ ಹಾಗೆ ಅನಿಸುತ್ತದೆ, ಕಾಲು ಮಾತ್ರ ಹಾಗೇ ಇರುತ್ತದೆ.

ಈಗ ಮಾಡುವ ರೀತಿ. ನನಗೆ ಇದು ಎಲ್ಲಕ್ಕಿಂತ ಮುಖ್ಯ. ಒಂದು ಮೆಟ್ಟಿಲ ಅಂಚಿನ ಮೇಲೆ ಪಾದದ ಮುಂಭಾಗ ಇಟ್ಟು ನಿಲ್ಲಿ. ಹಿಮ್ಮಡಿ ಗಾಳಿಯಲ್ಲಿರಲಿ. ಗೋಡೆಯನ್ನೋ ಕಂಬಿಯನ್ನೋ ಹಿಡಿದುಕೊಳ್ಳಿ, ಸಮತೋಲನದ ಸರ್ಕಸ್ ಬೇಡ. ಎರಡು ಮೂರು ಸೆಕೆಂಡು ತೆಗೆದುಕೊಂಡು ಹಿಮ್ಮಡಿಯನ್ನು ಮೆಟ್ಟಿಲಿಗಿಂತ ಕೆಳಗೆ, ಹೋಗುವಷ್ಟೂ ಇಳಿಸಿ. ಮೀನಖಂಡ ಎಳೆಯುವುದು ಗೊತ್ತಾಗಬೇಕು. ಅಲ್ಲೇ ಎರಡು ಸೆಕೆಂಡು ನಿಲ್ಲಿ. ಆಮೇಲೆ ಮೇಲೇಳಿ.

ಆ ಎರಡು ಸೆಕೆಂಡು ಯಾಕೆ? ಅಕಿಲಿಸ್ ಟೆಂಡನ್ ರಬ್ಬರ್ ಬ್ಯಾಂಡಿನ ಹಾಗೆ. ಎಳೆದಾಗ ಶಕ್ತಿ ಕೂಡಿಟ್ಟುಕೊಂಡು, ತಕ್ಷಣ ಬಿಟ್ಟರೆ ವಾಪಸ್ ಕೊಡುತ್ತದೆ. ಓಡುವಾಗ, ಜಿಗಿಯುವಾಗ ಇದು ವರ. ಆದರೆ ಕಾಫ್ ರೈಸ್‌ನಲ್ಲಿ ಪುಟಿಯುತ್ತಾ ಹೋದರೆ ಸ್ನಾಯು ಮಾಡಬೇಕಾದ ಕೆಲಸದ ಒಂದು ಪಾಲನ್ನು ಟೆಂಡನ್ ಮಾಡಿಬಿಡುತ್ತದೆ. ಕೆಳಗೆ ನಿಂತರೆ ಆ ಪುಟಿತ ಸಾಯುತ್ತದೆ, ಸ್ನಾಯುವೇ ಎತ್ತಬೇಕಾಗುತ್ತದೆ. ಪುಟಿಯುತ್ತಾ 60 ಕೆಜಿ ಎತ್ತುತ್ತಿದ್ದ ಹುಡುಗನಿಗೆ ಹೀಗೆ ನಿಲ್ಲಿಸಿ ಮಾಡಿಸಿದರೆ 30 ಕೆಜಿಗೇ ಕಾಲು ನಡುಗುತ್ತದೆ. ಬೇಜಾರು ಮಾಡಿಕೊಳ್ಳಬೇಡಿ, ಆ ನಡುಕವೇ ಬೇಕಾಗಿರುವುದು.

ಕೆಳಗಿನ ಅರ್ಧವೇ ಜಾಸ್ತಿ ಬೆಲೆಯದ್ದು ಅನ್ನುವುದಕ್ಕೂ ಆಧಾರ ಇದೆ. ಬ್ರೆಜಿಲ್‌ನಲ್ಲಿ ಯುವತಿಯರ ಮೇಲೆ 8 ವಾರ ನಡೆಸಿದ ಅಧ್ಯಯನದಲ್ಲಿ, ಸ್ನಾಯು ಎಳೆದುಕೊಂಡಿರುವ ಕೆಳಗಿನ ಅರ್ಧ ಮಾತ್ರ ಮಾಡಿದವರಲ್ಲಿ ಒಳಗಡ್ಡೆಯ ದಪ್ಪ ಶೇ. 15ರಷ್ಟು ಹೆಚ್ಚಿತು. ಪೂರ್ತಿ ಮಾಡಿದವರಲ್ಲಿ ಶೇ. 7ರ ಹತ್ತಿರ. ಮೇಲಿನ ಅರ್ಧ ಮಾತ್ರ ಮಾಡಿದವರಲ್ಲಿ ಶೇ. 3ರ ಆಸುಪಾಸು. ನಾನು ಪೂರ್ತಿ ಬಿಟ್ಟು ಅರ್ಧವೇ ಮಾಡಿ ಅನ್ನುವುದಿಲ್ಲ. ಪೂರ್ತಿ ಮಾಡಿ. ಕೊನೆಯಲ್ಲಿ ಮೇಲೆ ಏಳಲು ಆಗದಿದ್ದಾಗ ಸೆಟ್ ನಿಲ್ಲಿಸದೆ, ಕೆಳಗಿನ ಅರ್ಧವನ್ನು ಇನ್ನೂ ನಾಲ್ಕೈದು ಸಲ ಮಾಡಿ. ಸಮತಟ್ಟು ನೆಲದ ಮೇಲೆ ಕಾಫ್ ರೈಸ್ ಮಾಡುವವರಿಗೆ ಈ ಕೆಳಗಿನ ಅರ್ಧವೇ ಸಿಗುವುದಿಲ್ಲ ಅನ್ನುವುದನ್ನೂ ಗಮನಿಸಿ.

ಎಷ್ಟು ಮಾಡಬೇಕು? ಮೂರು ಸೆಟ್, ಒಂದೊಂದರಲ್ಲಿ 8ರಿಂದ 15. ಭಾರಕ್ಕೆ ಅವಸರ ಬೇಡ. ಜಿಮ್‌ಗೆ ಹೋಗದವರು ಮನೆಯ ಮೆಟ್ಟಿಲ ಮೇಲೆ ಒಂಟಿ ಕಾಲಿನಲ್ಲಿ ಮಾಡಬಹುದು, ಹಗುರ ಅನಿಸಿದಾಗ ಬ್ಯಾಗಿಗೆ ಪುಸ್ತಕ ತುಂಬಿ ಬೆನ್ನಿಗೆ ಹಾಕಿಕೊಳ್ಳಬಹುದು. ನಿಮ್ಮ ಕಾಲು ಎಲ್ಲಿದೆ ಅಂತ ತಿಳಿಯಬೇಕಾ? ಬರಿಗಾಲಿನಲ್ಲಿ ನೆಲದ ಮೇಲೆ ಒಂಟಿ ಕಾಲಿನಲ್ಲಿ ನಿಂತು, ಮಂಡಿ ಮಡಚದೆ, ಪೂರ್ತಿ ಹಿಮ್ಮಡಿ ಎತ್ತಿ ಎಷ್ಟು ಸಲ ಏಳಬಲ್ಲಿರಿ ಎಣಿಸಿ. ಫಿಸಿಯೋಥೆರಪಿಯವರು ತುಂಬಾ ಕಾಲದಿಂದ 25 ಅನ್ನುವ ಲೆಕ್ಕ ಇಟ್ಟುಕೊಂಡಿದ್ದಾರೆ. ವಯಸ್ಸಾದ ಹಾಗೆ ಈ ಸಂಖ್ಯೆ ಇಳಿಯುವುದು ಸಹಜ. ಆದರೆ 120 ಕೆಜಿ ಸ್ಕ್ವಾಟ್ ಮಾಡುವ ಇಪ್ಪತ್ತರ ಹುಡುಗ ಹದಿನೈದಕ್ಕೇ ನಿಂತುಬಿಡುವುದನ್ನು ನಾನು ನೋಡಿದ್ದೇನೆ. ಎರಡು ಕಾಲಿನ ನಡುವೆ ಐದಾರರ ವ್ಯತ್ಯಾಸ ಇದ್ದರೆ ದುರ್ಬಲ ಕಾಲಿನಿಂದ ಶುರು ಮಾಡಿ.

ನನಗೆ ಜಾಸ್ತಿ ಕಾಳಜಿ ಇರುವುದು ಪೊಲೀಸ್, ಸೈನ್ಯದ ಭರ್ತಿಗೆ ತಯಾರಾಗುವ ಹುಡುಗ ಹುಡುಗಿಯರ ಬಗ್ಗೆ. ಬೆಳಗಿನ ಜಾವ ಮೈದಾನದಲ್ಲಿ, ಕುಂದುವಾಡ ಕೆರೆಯ ಏರಿ ಮೇಲೆ ಓಡುತ್ತಿರುತ್ತಾರೆ. ಹುಡುಗರಿಗೆ 1600 ಮೀಟರ್ ಓಟ ಪಾಸಾಗಬೇಕು. ವರ್ಷಪೂರ್ತಿ ಓಡದೆ, ಅಧಿಸೂಚನೆ ಬಂದ ಮೇಲೆ ದಿನಾ ಓಡಲು ಶುರು ಮಾಡುತ್ತಾರೆ. ಓಡುವಾಗ ಅಕಿಲಿಸ್ ಟೆಂಡನ್ ಮೇಲೆ ದೇಹದ ತೂಕದ ಐದಾರು ಪಟ್ಟು ಎಳೆತ ಬೀಳುತ್ತದೆ, ಅದೂ ಪ್ರತಿ ಹೆಜ್ಜೆಗೆ. ಮಂಡಿ ಸ್ವಲ್ಪ ಮಡಚಿರುವುದರಿಂದ ಆ ಭಾರದ ದೊಡ್ಡ ಪಾಲು ಸೋಲಿಯಸ್‌ನದು. ಹಾಗಾಗಿ ಓಡುವವರು ನಿಂತು ಮಾಡುವುದರ ಜೊತೆಗೆ ಮಂಡಿ ಮಡಚಿ ಮಾಡುವುದನ್ನೂ ಸೇರಿಸಿಕೊಳ್ಳಿ. ಕೂತು ಮಾಡುವ ಮೆಷಿನ್ ನಿಜಕ್ಕೂ ಉಪಯೋಗಕ್ಕೆ ಬರುವುದು ಇಲ್ಲಿ. ಭರ್ತಿಗೆ ಎರಡು ಮೂರು ತಿಂಗಳು ಮುಂಚೆಯೇ ಶುರುವಾಗಬೇಕು. ಟೆಂಡನ್ ಸ್ನಾಯುವಿಗಿಂತ ನಿಧಾನ, ಅದಕ್ಕೆ ವಾರಗಟ್ಟಲೆ ಟೈಮ್ ಬೇಕು.

ರಜೆಯಲ್ಲಿ ಚಿತ್ರದುರ್ಗದ ಕೋಟೆ ಹತ್ತುವವರಿಗೂ ಇದೇ ಮಾತು. ತುಪ್ಪದ ಕೊಳದ ಬತೇರಿಗೆ ಹೋಗುವ ದಾರಿಯಲ್ಲಿ ಬಂಡೆಗೆ ಕೊರೆದ ಕುಳಿಗಳಿವೆ. ಅವುಗಳಲ್ಲಿ ಪಾದದ ಮುಂಭಾಗ ಮಾತ್ರ ಹಿಡಿಯುತ್ತದೆ, ಹಿಮ್ಮಡಿ ಹೊರಗೆ. ಅದು ಮೆಟ್ಟಿಲ ಅಂಚಿನ ಕಾಫ್ ರೈಸೇ. ಅಲ್ಲಿ ಮೀನಖಂಡ ಹಿಡಿದುಕೊಂಡರೆ ಕೂರಲು ಜಾಗ ಇರುವುದಿಲ್ಲ.

ಕಾವಲಿ ಮುಂದೆ ಗಂಟೆಗಟ್ಟಲೆ ನಿಂತು ಬೆಣ್ಣೆದೋಸೆ ಹಾಕುವವರು, ಶಾಲೆಯ ಮೇಷ್ಟ್ರು, ಬಟ್ಟೆ ಅಂಗಡಿಯಲ್ಲಿ ನಿಲ್ಲುವವರು ಕೂಡ ಕೇಳುತ್ತಾರೆ. ಕಾಲಿನ ರಕ್ತ ಮೇಲಕ್ಕೆ ಹೋಗಲು ಮೀನಖಂಡ ಹಿಂಡಿಕೊಳ್ಳಬೇಕು. ಅಲುಗದೆ ನಿಂತರೆ ಆ ಹಿಂಡುವಿಕೆ ಇಲ್ಲ, ಸಂಜೆಗೆ ಕಾಲು ಭಾರ. ಅವರಿಗೆ ಭಾರ ಎತ್ತುವ ಮೊದಲು, ನಿಂತಲ್ಲೇ ಆಗಾಗ ಹತ್ತು ಸಲ ಹಿಮ್ಮಡಿ ಎತ್ತಿ ಇಳಿಸಲು ಹೇಳುತ್ತೇನೆ.

ಹಿಮ್ಮಡಿಯ ಹುರಿಯಲ್ಲಿ ಹಳೆಯ ನೋವಿದ್ದವರು ಈ ವ್ಯಾಯಾಮವನ್ನೇ ಬಿಡಬೇಕು ಅಂದುಕೊಳ್ಳುತ್ತಾರೆ. 1998ರಲ್ಲಿ ಸ್ವೀಡನ್ನಿನ ಆಲ್ಫ್ರೆಡ್ಸನ್ ಮತ್ತು ಜೊತೆಗಾರರು ಹೊರತಂದ ಅಧ್ಯಯನ ಬೇರೆ ದಾರಿ ತೋರಿಸಿತು. ನೋವಿನಿಂದ ಓಟ ಬಿಟ್ಟಿದ್ದ 15 ಜನ, ಭಾರದೊಂದಿಗೆ ಹಿಮ್ಮಡಿಯನ್ನು ನಿಧಾನಕ್ಕೆ ಇಳಿಸುವುದನ್ನು 12 ವಾರ, ದಿನಕ್ಕೆ ಎರಡು ಸಲ ಮಾಡಿದರು. ಎಲ್ಲರೂ ಓಟಕ್ಕೆ ಮರಳಿದರು. ಆದರೆ ನೋವಿದ್ದಾಗ ಇದನ್ನು ಫಿಸಿಯೋಥೆರಪಿಸ್ಟ್ ಕಣ್ಣೆದುರು ಶುರು ಮಾಡಿ. ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ ನೋಯುತ್ತಿದ್ದರೆ ವ್ಯಾಯಾಮದ ಮಾತೇ ಬೇಡ. ರಕ್ತನಾಳದಲ್ಲಿ ಹೆಪ್ಪುಗಟ್ಟಿರಬಹುದು, ಅವತ್ತೇ ಡಾಕ್ಟರ ಹತ್ತಿರ ಹೋಗಿ.

ಹುಡುಗರ ಇನ್ನೊಂದು ಆಸೆ ದಪ್ಪ ಮೀನಖಂಡ. ಸ್ನಾಯು ಎಲ್ಲಿ ಮುಗಿದು ಟೆಂಡನ್ ಎಲ್ಲಿ ಶುರುವಾಗುತ್ತದೆ ಅನ್ನುವುದು ಹುಟ್ಟಿನಿಂದ ಬಂದದ್ದು. ಸ್ನಾಯು ಗಿಡ್ಡ, ಟೆಂಡನ್ ಉದ್ದ ಇದ್ದವರಿಗೆ ಗಡ್ಡೆ ಮೇಲೆಯೇ ನಿಲ್ಲುತ್ತದೆ, ಅದು ಕೆಳಗೆ ಇಳಿಯುವುದಿಲ್ಲ. ಇದ್ದ ಸ್ನಾಯು ಬೆಳೆಯುತ್ತದೆ, ಬಲ ಬರುತ್ತದೆ. ಪಕ್ಕದವನ ಕಾಲು ನೋಡಿ ಆರು ವಾರಕ್ಕೇ ಕೈಬಿಡುವವರಿಗೆ ನಾನು ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಜಿಮ್‌ಗೆ ಈಗಷ್ಟೇ ಸೇರಿ, ವಾರಕ್ಕೆ ಎರಡು ಮೂರು ದಿನ ಅರ್ಧ ಗಂಟೆ ಮಾತ್ರ ಸಿಗುವವರಿಗೆ ಒಂದು ವಿನಾಯಿತಿ. ಮೊದಲ ಎರಡು ತಿಂಗಳು ಸ್ಕ್ವಾಟ್, ಡೆಡ್‌ಲಿಫ್ಟ್, ಪುಷ್‌ಅಪ್, ರೋಯಿಂಗ್ ಸರಿಯಾಗಿ ಕಲಿಯಿರಿ. ಅವು ಕೈಗೆ ಹತ್ತಿದ ಮೇಲೆ ಕಾಲಿನ ದಿನ ಸ್ಕ್ವಾಟ್ ಮುಗಿದ ಕೂಡಲೇ ಇದನ್ನು ಸೇರಿಸಿ. ಮೊದಲ ವಾರ ಒಂದೇ ಸೆಟ್, ಬರೀ ದೇಹದ ತೂಕ. ಮೊದಲ ದಿನವೇ ಮೂರು ಸೆಟ್ ಆಳಕ್ಕೆ ಇಳಿಸಿ ಮಾಡಿದರೆ ಮಾರನೆಯ ದಿನ ಬಸ್ ಇಳಿಯಲೂ ಕಷ್ಟ, ಅದರ ಮರುದಿನ ಇನ್ನೂ ಜಾಸ್ತಿ. ಎರಡನೇ ವಾರ ಎರಡು ಸೆಟ್, ಮೂರನೆಯದರಿಂದ ಮೂರು. ಭಾರ ಸೇರಿಸುವುದು ಅದಾದ ಮೇಲೆ.