ಇದ್ನ ಎಲ್ಲಿ ಮಡಗ್ಲಿ ಅಕ್ಕಾ?

ಮಾತ್ರೆ ಡಬ್ಬಿ ಕೈಗೆ ಬಂದ ಕೂಡಲೇ ಅವಳು ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಒಳಗಿದ್ದ ಮಾತ್ರೆಗಳು ಗಲಗಲ ಅಂದವು. ಥಟ್ಟನೆ ಡಬ್ಬಿಯನ್ನು ಸೆರಗಿನೊಳಕ್ಕೆ ಎಳೆದುಕೊಂಡು ಬಾಗಿಲ ಕಡೆ ನೋಡಿದಳು.

"ಇದ್ನ ಎಲ್ಲಿ ಮಡಗ್ಲಿ ಅಕ್ಕಾ?"

ಅದಕ್ಕೂ ಮುಂಚೆ ಮುಕ್ಕಾಲು ಗಂಟೆ ನಾನೊಬ್ಬಳೇ ಮಾತಾಡಿದ್ದೆ. ಇದು ಎಚ್‌ಐವಿ ಇರುವವರು ತಗೊಳ್ಳೋ ಚಿಕಿತ್ಸೆಯಲ್ಲ, ಇಲ್ಲದವರಿಗೆ ಬರದ ಹಾಗೆ ತಡೆಯೋ ಮಾತ್ರೆ, ಹೆಸರು ಪ್ರೆಪ್. ದಿನಕ್ಕೆ ಒಂದು. ಶುರುವಿನ ಒಂದೆರಡು ವಾರ ಹೊಟ್ಟೆ ತೊಳಸಬಹುದು, ತಲೆ ನೋಯಬಹುದು, ಆಮೇಲೆ ಸರಿಹೋಗುತ್ತೆ. ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆಗೆ ಬರಬೇಕು. ಎಲ್ಲದಕ್ಕೂ ತಲೆಯಾಡಿಸಿದ್ದಳು. ಅವಳಿಗಿದ್ದ ಪ್ರಶ್ನೆ ಒಂದೇ. ನನ್ನ ಹತ್ತಿರ ಅದಕ್ಕೆ ಉತ್ತರ ಇರಲಿಲ್ಲ.

ಮೈಸೂರಿನ ಒಂದು ಕ್ಲಿನಿಕ್ಕಿನಲ್ಲಿ ನಾನು ಆಪ್ತಸಮಾಲೋಚಕಿ. ಹುಟ್ಟಿ ಬೆಳೆದದ್ದು ಮಂಡ್ಯದ ಕಡೆ. ನಮ್ಮ ಕಡೆ ಹೆಂಗಸರು ಬಂದು ಕೂತರೆ ನನ್ನ ಬಾಯಲ್ಲೂ ಆ ಭಾಷೆಯೇ ಬರುತ್ತದೆ, ಅದಕ್ಕೇ ಇರಬೇಕು, ಅವರು ಒಸಿ ಬಿಚ್ಚಿ ಮಾತಾಡುತ್ತಾರೆ. ಯಾರ ಬಗ್ಗೆ ಬರೆಯುತ್ತಿದ್ದೇನೋ ಅವಳ ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಅವಳ ಗಂಡ ಕಬ್ಬಿನ ಲಾರಿ ಓಡಿಸುತ್ತಾನೆ. ಕೆಮ್ಮು ಬಿಡಲಿಲ್ಲ ಅಂತ ಆಸ್ಪತ್ರೆಗೆ ಹೋದವನಿಗೆ ಎಚ್‌ಐವಿ ಪರೀಕ್ಷೆಯಲ್ಲಿ ಪಾಸಿಟಿವ್ ಬಂತು. ಇವಳದು ನೆಗೆಟಿವ್. ಅವನು ಎಆರ್‌ಟಿ, ಅಂದರೆ ಎಚ್‌ಐವಿ ಇರುವವರ ಚಿಕಿತ್ಸೆ, ಶುರುಮಾಡಿ ಇನ್ನೂ ತಿಂಗಳೂ ಆಗಿರಲಿಲ್ಲ. ದಿನವೂ ಮಾತ್ರೆ ನುಂಗಿ ರಕ್ತದಲ್ಲಿ ವೈರಸ್ ಪತ್ತೆಯೇ ಆಗದಷ್ಟು ಇಳಿದರೆ ಅವನಿಂದ ಹೆಂಡತಿಗೆ ಲೈಂಗಿಕ ಸಂಪರ್ಕದಿಂದ ಹರಡುವುದಿಲ್ಲ. ಅಲ್ಲಿಗೆ ಮುಟ್ಟಲು ಕೆಲವು ತಿಂಗಳು ಬೇಕು. ಆ ತಿಂಗಳುಗಳಲ್ಲಿ ಅವಳನ್ನು ಕಾಯಲು ಈ ಮಾತ್ರೆ. ಅವಳಿಗೆ ಇನ್ನೊಂದು ಮಗು ಬೇಕು ಅನ್ನೋ ಆಸೆಯೂ ಇತ್ತು.

ವಿಷಯ ಗಂಡನಿಗೆ ಗೊತ್ತು. ಅತ್ತೆಗೆ ಗೊತ್ತಿಲ್ಲ. ಮನೆ ಎರಡೇ ಅಂಕಣದ್ದು.

ಬೆರಳು ಮಡಚುತ್ತಾ ಒಂದೊಂದೇ ಜಾಗ ಹೇಳುತ್ತಾ ಹೋದಳು. ಬೀರು ಇದೆ, ಅದರ ಬೀಗದ ಕೈ ಅತ್ತೆಯ ಸೊಂಟದಲ್ಲಿ. ಅಡುಗೆಮನೆಯ ಸಾಸಿವೆ ಡಬ್ಬಿಯಿಂದ ರಾಗಿಹಿಟ್ಟಿನ ಡಬರಿವರೆಗೆ ಎಲ್ಲದಕ್ಕೂ ಅತ್ತೆಯೇ ಕೈ ಹಾಕೋದು. ಹಾಸಿಗೆ ಬೆಳಿಗ್ಗೆ ಸುತ್ತಿಟ್ಟರೆ ಮುಗಿಯಿತು, ಅದರಡಿ ಏನೂ ನಿಲ್ಲದು. ಕೊಟ್ಟಿಗೆ ಗೋಡೆಯಲ್ಲಿ ಗೂಡಿದೆ, ಅಲ್ಲಿ ಥಂಡಿ. ಮಾತ್ರೆಗೆ ತೇವ ಆಗಬಾರದು ಅಂತ ನಾನೇ ಹೇಳಿದ್ದೆ. "ಆ ಮನೇಲಿ ಹನ್ನೊಂದು ವರ್ಸದಿಂದ ಅವ್ನಿ ಕನಕ್ಕ," ಅಂದಳು, "ನಂದು ಅನ್ನೋ ಜಾಗ ಇಷ್ಟೂ ಇಲ್ಲ." ಹೆಬ್ಬೆರಳು ತೋರುಬೆರಳು ಸೇರಿಸಿ ತೋರಿಸಿದಳು.

ಡಬ್ಬಿ ಸಿಕ್ಕರೆ ಏನಾಗುತ್ತೆ ಅಂತ ಅವಳಿಗೆ ಗೊತ್ತಿತ್ತು. ಎಆರ್‌ಟಿ ಮಾತ್ರೆಯೂ ಇಂಥದೇ ಬಿಳಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬರುತ್ತದೆ. ಕಾಯಿಲೆ ಬರದಿರಲಿ ಅಂತ ಮಾತ್ರೆ ನುಂಗುವವಳಿಗೆ ಕಾಯಿಲೆಯವಳು ಅನ್ನೋ ಹೆಸರು ಬರುತ್ತದೆ. ಅವನಿಗೆ ತಂದಿದ್ದೂ ಇವಳೇ ಅಂದುಬಿಟ್ಟರೆ ಕೇಳೋರು ಯಾರು? ಹೊಟ್ಟೆ ತೊಳಸೋದಂತೂ ಬೇರೆಯೇ ತಾಪತ್ರಯ. ಬೆಳಿಗ್ಗೆ ಎದ್ದು ಓಕರಿಸಿದರೆ ಅತ್ತೆ "ಏನವ್ವಾ, ವಿಶೇಷವಾ?" ಅಂತ ಕೇಳದೆ ಬಿಡುತ್ತಾರಾ. ರಾತ್ರಿ ಮುದ್ದೆ ಉಂಡ ಮೇಲೆ ನುಂಗು, ತೊಳಸೋದು ಕಡಿಮೆಯಾಗಬಹುದು ಅಂದೆ.

ಎದ್ದು ಹೋಗುವ ಮುಂಚೆ ಡಬ್ಬಿ ಮೇಲಿನ ಚೀಟಿಯನ್ನು ಉಗುರಿನಿಂದ ಕೆರೆಯತೊಡಗಿದಳು. ಚೀಟಿ ಪೂರ್ತಿ ಬರಲಿಲ್ಲ, ಬಿಳಿ ಅಂಟು ಉಳಿಯಿತು. ನನ್ನ ಮೇಜಿನ ಮೇಲಿದ್ದ ಹತ್ತಿ ಸುರುಳಿಯಿಂದ ಒಂದು ತುಂಡು ಕೇಳಿ ಇಸಕೊಂಡು ಡಬ್ಬಿಯೊಳಗೆ ತುರುಕಿದಳು. ಮತ್ತೆ ಕಿವಿಯ ಹತ್ತಿರ ಅಲ್ಲಾಡಿಸಿದಳು. ಈಗ ಸದ್ದಿಲ್ಲ.

ಹೆಂಗಸರು ಈ ಮಾತ್ರೆ ಯಾಕೆ ತಗೊಳ್ಳಲ್ಲ ಅಂತ ಮೀಟಿಂಗುಗಳಲ್ಲಿ ಚರ್ಚೆ ನಡೆದಾಗಲೆಲ್ಲ "ಅರಿವಿನ ಕೊರತೆ" ಅನ್ನೋ ಮಾತು ಬರುತ್ತದೆ. ನನಗೆ ಸಿಟ್ಟು ಬರುತ್ತದೆ. ದಕ್ಷಿಣ ಆಫ್ರಿಕಾ, ಉಗಾಂಡಾ, ಜಿಂಬಾಬ್ವೆಯ 5,029 ಹೆಂಗಸರ ನಡುವೆ ವಾಯ್ಸ್ ಅನ್ನೋ ದೊಡ್ಡ ಅಧ್ಯಯನ ನಡೆದಿತ್ತು, ಫಲಿತಾಂಶ ಬಂದದ್ದು 2013ರಲ್ಲಿ. ತಪ್ಪದೆ ತಗೊಳ್ತಿದ್ದೀವಿ ಅಂತಲೇ ಹೆಚ್ಚಿನವರು ಹೇಳಿದ್ದರು. ರಕ್ತ ನೋಡಿದರೆ ಮಾತ್ರೆಯ ಅಂಶ ಸಿಕ್ಕಿದ್ದು ಮೂರನೇ ಒಂದಕ್ಕಿಂತ ಕಡಿಮೆ ಮಾದರಿಗಳಲ್ಲಿ. ಆಮೇಲೆ ಕೂರಿಸಿ ಕೇಳಿದಾಗ ಹೊರಬಿದ್ದ ಕಾರಣಗಳಲ್ಲಿ, ತಮಗೆ ಎಚ್‌ಐವಿ ಇದೆ ಅಂತ ಜನ ತಿಳಿದಾರು ಅನ್ನೋ ಭಯವೂ ಒಂದು. ಅದೇ ಕೀನ್ಯಾ, ಉಗಾಂಡಾದಲ್ಲಿ ಗಂಡ ಹೆಂಡಿರಲ್ಲಿ ಒಬ್ಬರಿಗೆ ಮಾತ್ರ ಸೋಂಕಿದ್ದ 4,700ಕ್ಕೂ ಹೆಚ್ಚು ಜೋಡಿಗಳ ಅಧ್ಯಯನದಲ್ಲಿ ಎರಡು ಔಷಧ ಸೇರಿದ ಮಾತ್ರೆ ಸೋಂಕನ್ನು ನೂರಕ್ಕೆ 75ರಷ್ಟು ತಗ್ಗಿಸಿತು. ಅಲ್ಲಿ ವಿಷಯ ಇಬ್ಬರಿಗೂ ಗೊತ್ತಿತ್ತು. ಡಬ್ಬಿ ಬಚ್ಚಿಡಬೇಕಾಗಿರಲಿಲ್ಲ, ಕನಿಷ್ಠ ಒಬ್ಬರಿಂದ.

ಗಂಡಸರಿಗೆ ಸಂಪರ್ಕದ ಮುಂಚೆ ಎರಡು, ಆಮೇಲೆ ಒಂದೊಂದು ಅಂತ ಲೆಕ್ಕ ಹಾಕಿ ನುಂಗುವ ದಾರಿಯೂ ಇದೆ. ಹೆಂಗಸರಿಗೆ ಅದು ಆಗಿಬರುವುದಿಲ್ಲ, ದಿನವೂ ತಪ್ಪದೆ ಬೇಕು. ಬಚ್ಚಿಡಲು ಜಾಗವಿಲ್ಲದವಳೇ ದಿನಾ ಡಬ್ಬಿ ತೆಗೆಯಬೇಕು.

ನನ್ನಿಂದಲೇ ಆದ ಒಂದು ತಪ್ಪನ್ನು ಇಲ್ಲಿ ಬರೆಯಲೇಬೇಕು. ಕೆಲಸಕ್ಕೆ ಸೇರಿದ ಹೊಸತು. ಒಬ್ಬಳು ತಾರೀಕಿಗೆ ಬರಲಿಲ್ಲ ಅಂತ ಕಾಳಜಿಯಿಂದ ಅವಳು ಕೊಟ್ಟಿದ್ದ ನಂಬರಿಗೆ ಫೋನ್ ಮಾಡಿದೆ. ಎತ್ತಿದ್ದು ಮೈದುನ. ಮನೆಗೆಲ್ಲ ಸೇರಿ ಅದೊಂದೇ ಫೋನು. ಕಾಯಿಲೆಯ ಹೆಸರು ನಾನು ಎತ್ತಲಿಲ್ಲ, ಕ್ಲಿನಿಕ್ಕಿನ ಹೆಸರು ಹೇಳಿದೆ. ಅಷ್ಟೇ ಸಾಕಾಯಿತು. ಅವಳು ಮತ್ತೆ ಬರಲೇ ಇಲ್ಲ. 2018ರ ಸೆಪ್ಟೆಂಬರಿನಿಂದ ಜಾರಿಗೆ ಬಂದ ಎಚ್‌ಐವಿ ಕಾಯ್ದೆಯಲ್ಲಿ ಗೋಪ್ಯತೆಯ ಬಗ್ಗೆ ಎಷ್ಟೆಲ್ಲ ಬರೆದಿದೆ, ಓದಿಕೊಂಡೂ ಇದ್ದೆ. ಫೋನ್ ಯಾರ ಕೈಲಿರುತ್ತೆ ಅಂತ ಒಂದು ಮಾತು ಕೇಳಿರಲಿಲ್ಲ. ಈಗ ಮೊದಲು ಅದನ್ನೇ ಕೇಳುತ್ತೇನೆ. ಅವರಾಗಿ ಮಿಸ್ಡ್ ಕಾಲ್ ಕೊಟ್ಟರೆ ಮಾತ್ರ ತಿರುಗಿ ಮಾಡುತ್ತೇನೆ.

ಗಂಡನ ಸ್ಥಿತಿ ಗೊತ್ತಿಲ್ಲದವರದು ಇನ್ನೂ ಕಷ್ಟ. ತಿಂಗಳುಗಟ್ಟಲೆ ಹೊರಗಿರುವ ಗಂಡ, ಅವನ ಮೇಲೆ ಒಳಗೊಳಗೇ ಅನುಮಾನ, ಆದರೂ "ನಾವು ಮರ್ಯಾದಸ್ತರು, ನಂಗ್ಯಾಕಕ್ಕ ಇದು" ಅನ್ನುತ್ತಾರೆ. ಮಾತ್ರೆ ಬೇಕು ಅಂದರೆ ಒಂದೋ ಗಂಡನನ್ನು ಅನುಮಾನಿಸಿದಂತೆ, ಇಲ್ಲಾ ತಾನೇ ದಾರಿ ತಪ್ಪಿದಂತೆ. ಒಬ್ಬಾಕೆ ಧೈರ್ಯ ಮಾಡಿ ಒಂದು ಆಸ್ಪತ್ರೆಯಲ್ಲಿ ಕೇಳಿದ್ದಕ್ಕೆ ಅಲ್ಲಿನ ಡಾಕ್ಟರು "ಮದುವೆಯಾದವಳಿಗೆ ಇದೆಲ್ಲ ಯಾಕಮ್ಮಾ?" ಅಂದರಂತೆ, ಎಲ್ಲರೆದುರು. ನನ್ನ ಮುಂದೆ ಕೂತು ಅದನ್ನು ಹೇಳುವಾಗಲೂ ಅವಳು ತಲೆ ಎತ್ತಲಿಲ್ಲ.

ಆದರೆ ಇದೇ ಮೈಸೂರಿನಲ್ಲಿ ಇದು ಸಾಧ್ಯ ಅಂತ ತೋರಿಸಿದವರೂ ಇದ್ದಾರೆ. 2016ರಲ್ಲಿ ಇಲ್ಲಿನ ಲೈಂಗಿಕ ಕಾರ್ಯಕರ್ತೆಯರ ಸಂಘಟನೆ ಅಶೋದಯ ಸಮಿತಿಯವರು ಪ್ರೆಪ್ ಯೋಜನೆ ನಡೆಸಿದರು. ಆರುನೂರಕ್ಕೂ ಹೆಚ್ಚು ಹೆಂಗಸರು ಸೇರಿದರು, ಬಹುಪಾಲು ಎಲ್ಲರೂ ಕೊನೆವರೆಗೂ ಉಳಿದರು, ಒಬ್ಬರಿಗೂ ಹೊಸದಾಗಿ ಸೋಂಕು ತಗುಲಲಿಲ್ಲ. ಮುಂದೆ ನಿಂತು ನಡೆಸಿದ್ದು ಆ ಸಮುದಾಯದ ಹೆಂಗಸರೇ. ಅವರಿಗೆ ಒಬ್ಬರಿಗೊಬ್ಬರು ಇದ್ದರು, ನಾಚಿಕೆಯಿಲ್ಲದೆ ಕೂತು ಮಾತಾಡುವ ಒಂದು ಜಾಗ ಇತ್ತು. ಕಬ್ಬಿನ ಲಾರಿಯವನ ಹೆಂಡತಿಗೆ ಅಂಥ ಜಾಗ ಯಾವುದು? ಊರಲ್ಲಿ ಯಾರ ಹತ್ತಿರ ಹೇಳಿಕೊಳ್ಳುತ್ತಾಳೆ?

ಅದಕ್ಕೇ ಮಾತ್ರೆಯ ಬದಲು ಹಾಕಿಸಿಕೊಳ್ಳುವ ಸೂಜಿಯ ಸುದ್ದಿ ಬಂದಾಗ ನನಗೆ ಕಣ್ಣು ತುಂಬಿತು. ಲೆನಾಕಾಪವಿರ್, ಆರು ತಿಂಗಳಿಗೊಮ್ಮೆ. 2024ರಲ್ಲಿ ಫಲಿತಾಂಶ ಬಂತು: ದಕ್ಷಿಣ ಆಫ್ರಿಕಾ, ಉಗಾಂಡಾದಲ್ಲಿ ಅದನ್ನು ಹಾಕಿಸಿಕೊಂಡ 2,134 ಹೆಣ್ಣುಮಕ್ಕಳಲ್ಲಿ ಒಬ್ಬರಿಗೂ ಸೋಂಕಿಲ್ಲ. 2025ರ ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಶಿಫಾರಸು ಮಾಡಿತು. 2027ರಿಂದ ವರ್ಷಕ್ಕೆ ಸುಮಾರು 40 ಡಾಲರಿಗೆ ಒದಗಿಸುವುದಾಗಿ ಹೈದರಾಬಾದಿನ ಎರಡು ಕಂಪನಿಗಳು ಒಪ್ಪಿವೆ. ನಮ್ಮ ಜಿಲ್ಲಾ ಆಸ್ಪತ್ರೆಗಳಿಗೆ ಅದು ಬೇಗ ಬರಲಿ. ವರ್ಷಕ್ಕೆ ಎರಡು ಸಲ ತವರಿಗೆ ಹೋಗಿಬರುತ್ತೀನಿ ಅಂತ ಹೊರಟವಳು ಮೈಸೂರಿನಲ್ಲಿ ಇಳಿದು ಹಾಕಿಸಿಕೊಂಡು ಹೋದರೆ ಮನೆಯಲ್ಲಿ ಬಚ್ಚಿಡಲು ಏನೂ ಇರುವುದಿಲ್ಲ.

ಯಾರಿಗಾದರೂ ಈಗಲೇ ಮಾಹಿತಿ ಬೇಕಿದ್ದರೆ 1097ಕ್ಕೆ ಫೋನ್ ಮಾಡಿ, ದುಡ್ಡಿಲ್ಲ. ಈಗಾಗಲೇ ಅಪಾಯ ಆಗಿಹೋಗಿದೆ ಅನ್ನಿಸಿದರೆ 72 ಗಂಟೆಯೊಳಗೆ ಆಸ್ಪತ್ರೆಗೆ ಹೋಗಿ, 28 ದಿನ ತಗೊಳ್ಳುವ ಬೇರೆ ಔಷಧವಿದೆ.

ಕಬ್ಬಿನ ಲಾರಿಯವನ ಹೆಂಡತಿ ಮೂರನೇ ತಿಂಗಳ ಪರೀಕ್ಷೆಗೆ ಹೇಳಿದ ದಿನವೇ ಬಂದಳು. ನೆಗೆಟಿವ್. ಗಂಡನ ರಕ್ತದಲ್ಲಿ ವೈರಸ್ ಎಷ್ಟಿದೆ ಅಂತ ನೋಡುವ ವೈರಲ್ ಲೋಡ್ ಪರೀಕ್ಷೆ ಇನ್ನೂ ಬಾಕಿ ಇತ್ತು. ಎಲ್ಲಿ ಇಟ್ಟಿದ್ದೆ ಅಂತ ಕೇಳಿದೆ. ಅವಳು ಸೀರೆಗೆ ಕುಚ್ಚು ಕಟ್ಟುತ್ತಾಳೆ, ಅದು ನನಗೆ ಗೊತ್ತಿರಲಿಲ್ಲ, ನಾನು ಕೇಳಿಯೂ ಇರಲಿಲ್ಲ. ರೇಷ್ಮೆ ದಾರ ತುಂಬಿದ ಹಳೇ ಬಿಸ್ಕೆಟ್ ಡಬ್ಬಕ್ಕೆ ಮನೆಯಲ್ಲಿ ಯಾರೂ ಕೈ ಹಾಕುವುದಿಲ್ಲವಂತೆ, ಸಿಕ್ಕುಬಿದ್ದರೆ ಬಿಡಿಸೋರು ಯಾರು ಅಂತ. ಅದರ ತಳದಲ್ಲಿ ಇಟ್ಟಿದ್ದಾಳೆ. ಖಾಲಿ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು, ಮುಚ್ಚಳದ ಸಂದಿಯಲ್ಲಿ ಗುಲಾಬಿ ಬಣ್ಣದ ಎಳೆಯೊಂದು ಸಿಕ್ಕಿಕೊಂಡಿತ್ತು. ಒಳಗಿದ್ದ ಹತ್ತಿಯನ್ನು ಬೆರಳು ಹಾಕಿ ಎಳೆದುಕೊಂಡು, ಹೊಸ ಡಬ್ಬಿಗೆ ಕೈ ಚಾಚಿದಳು.